ಸಜಾಬಿ ವರ್.ಕಾ: ಬೆನ್ನ ಮೇಲಿನ ಭಾರ ಮತ್ತು ಕೆಂಪು ಪ್ಲಾಸ್ಟಿಕ್ಕಿನ ಕಾಟ

ಮಾಸ್ಟರ್ ಗ್ರೇಡ್ ಎಂಬ ಶ್ರೇಣಿಯ ಸಜಾಬಿ ವರ್.ಕಾ 2013ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ 1/100 ಅಳತೆಯ ಪ್ಲಾಸ್ಟಿಕ್ ಕಿಟ್: ಜಪಾನಿನ ‘ಗಂಡಮ್’ ಅನಿಮೆ ಸರಣಿಯ ದೈತ್ಯ ರೋಬೋಟಿನ ಮಾದರಿ, ಭಾಗಗಳನ್ನು ಕತ್ತರಿಸಿ ನಾವೇ ಜೋಡಿಸುವಂಥದ್ದು. ವರ್.ಕಾ ಎಂದರೆ ವಿನ್ಯಾಸಕ ಹಾಜಿಮೆ ಕಾಟೋಕಿಯ ಆವೃತ್ತಿ. ಕಥೆಯಲ್ಲಿ ಈ ಯಂತ್ರದ ತಲೆಯವರೆಗಿನ ಎತ್ತರ 23 ಮೀಟರ್, ಹಾಗಾಗಿ ಮಾದರಿ 23 ಸೆಂ.ಮೀ. ಇದೇ ಅಳತೆಯಲ್ಲಿ ಮೊದಲ ಗಂಡಮ್ 18 ಸೆಂ.ಮೀ. ಮಾತ್ರ. ಆದರೆ ಕಟ್ಟುವವರಿಗೆ ಸವಾಲು ಎತ್ತರದ್ದಲ್ಲ, ಗಾತ್ರದ್ದು. ಅಗಲವಾದ ಭುಜ, ಉಬ್ಬಿದ ಕಾಲು, ಬೆನ್ನಿಗೆ ಎರಡು ದೊಡ್ಡ ಇಂಧನ ಟ್ಯಾಂಕ್, ಆರು ಫನಲ್ (ಕಥೆಯಲ್ಲಿ ಬೆನ್ನಿನಿಂದ ಹಾರಿ ದಾಳಿ ಮಾಡುವ ಪುಟ್ಟ ಆಯುಧಗಳು). ಇಂಥ ಕಿಟ್ಟನ್ನು ನಾನು ಎರಡು ವಿಷಯಗಳ ಮೇಲೆ ಅಳೆಯುತ್ತೇನೆ: ದೊಡ್ಡ ಮೇಲ್ಮೈಗಳು ಎಷ್ಟು ಸ್ವಚ್ಛವಾಗಿ ಬರುತ್ತವೆ, ಭಾರವನ್ನು ಜಾಯಿಂಟುಗಳು ಎಷ್ಟು ಹೊತ್ತು ಹೊರುತ್ತವೆ.

ಮೊದಲು ಕೆಂಪು. ಕಿಟ್ಟಿನಲ್ಲಿ ಎರಡು ಛಾಯೆಯ ಕೆಂಪಿದೆ, ಎರಡೂ ಕತ್ತರಿಸಿದ ಕಡೆ ಬಿಳಚಿಕೊಳ್ಳುತ್ತವೆ. ಬೂದು ಬಣ್ಣದಲ್ಲಿ ಕಣ್ಣಿಗೆ ಬೀಳದ ಗೇಟಿನ (ಭಾಗವನ್ನು ಚೌಕಟ್ಟಿಗೆ ಹಿಡಿದಿಡುವ ಸಣ್ಣ ಪ್ಲಾಸ್ಟಿಕ್ ಕೊಂಡಿಯ) ಗುರುತು ಇಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಒಂದೇ ಏಟಿಗೆ ಕತ್ತರಿಸಬೇಡಿ. ಭಾಗದಿಂದ ಎರಡು ಮೂರು ಮಿ.ಮೀ. ದೂರದಲ್ಲಿ ಮೊದಲ ಕಟ್, ಅರ್ಧ ಮಿ.ಮೀ. ಉಳಿಸಿ ಎರಡನೆಯದು, ಉಳಿದದ್ದನ್ನು ಹರಿತವಾದ ಚಾಕುವಿನಿಂದ ತೆಳ್ಳಗೆ ಹೆರೆಯುವುದು. ಕೊನೆಗೆ 600, 800, 1000ರ ಮರಳು ಕಾಗದ, ಇದೇ ಕ್ರಮದಲ್ಲಿ. ನಡುವಿನ ಒಂದನ್ನು ಬಿಟ್ಟರೆ ಹಿಂದಿನ ಕಾಗದದ ಗೀರು ಹಾಗೇ ಉಳಿಯುತ್ತದೆ. ಉಜ್ಜಿದ ಜಾಗ ಸ್ವಲ್ಪ ಮಂಕಾದರೆ ಗಾಬರಿ ಬೇಡ, ಕೊನೆಗೆ ಹೊಡೆಯುವ ಹೊಳಪಿಲ್ಲದ ಪಾರದರ್ಶಕ ಲೇಪ, ಅಂದರೆ ಮ್ಯಾಟ್ ಟಾಪ್ ಕೋಟ್, ಅದನ್ನು ಸಮ ಮಾಡುತ್ತದೆ. ಗೇಟಿನ ಬುಡದಲ್ಲಿ ಪ್ಲಾಸ್ಟಿಕ್ ಒತ್ತಡಕ್ಕೆ ಸಿಕ್ಕಿ ಬೆಳ್ಳಗಾಗಿದ್ದರೆ ಮಾತ್ರ ಕೋಟ್ ಪೂರ್ತಿ ಮುಚ್ಚುವುದಿಲ್ಲ. ಹೆಚ್ಚು ಸಮಯ ಮಂಡಿಯ ಕೆಳಗಿನ ಉಬ್ಬಿದ ಕವಚಕ್ಕೆ ಮತ್ತು ಭುಜಕ್ಕೆ ಕೊಡಿ. ಬಾಗಿದ ಮೇಲ್ಮೈಯಲ್ಲಿ ಚಪ್ಪಟೆ ಫೈಲ್ ಹಿಡಿದರೆ ಅಲ್ಲೊಂದು ಮಟ್ಟಸ ಚುಕ್ಕೆ ಬಿದ್ದು, ಬೆಳಕಿಗೆ ಹಿಡಿದಾಗ ಗೊತ್ತಾಗುತ್ತದೆ. ಅಲ್ಲಿಗೆ ಸ್ಪಂಜಿನ ಸ್ಯಾಂಡಿಂಗ್ ಸ್ಟಿಕ್ಕೇ ಸರಿ.

ಆರು ಫನಲ್‌ಗಳನ್ನು ಒಂದೊಂದಾಗಿ ಕಟ್ಟಬೇಡಿ. ಆರಕ್ಕೂ ಒಟ್ಟಿಗೆ ಕತ್ತರಿಸಿ, ಒಟ್ಟಿಗೆ ಉಜ್ಜಿ, ಆಮೇಲೆ ಜೋಡಿಸಿ. ಬೇಸರದ ಕೆಲಸ, ಆದರೆ ಹಾಗೆ ಮಾಡಿದರೆ ಆರೂ ಒಂದೇ ರೀತಿ ಬರುತ್ತವೆ.

ಪ್ಯಾನೆಲ್ ಲೈನ್‌ಗೆ (ಕವಚದ ಮೇಲಿನ ಸಣ್ಣ ಗೆರೆಗಳಿಗೆ ಬಣ್ಣ ತುಂಬಲು) ಎನಾಮೆಲ್ ಬಳಸುವವರು ಹುಷಾರು. ಬಿಗಿಯಾಗಿ ಕೂತ ಭಾಗಗಳ ಸಂದಿಗೆ ಎನಾಮೆಲ್ ಥಿನ್ನರ್ ಇಳಿದರೆ ಒತ್ತಡವಿರುವ ಕಡೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಅದರಲ್ಲೂ ಎಬಿಎಸ್ ಎಂಬ ಬಗೆಯ ಪ್ಲಾಸ್ಟಿಕ್ ಬೇಗ. ಯಾವುದು ಎಬಿಎಸ್ ಎಂಬುದು ರನ್ನರಿನ (ಭಾಗಗಳು ಅಂಟಿಕೊಂಡು ಬರುವ ಚೌಕಟ್ಟಿನ) ಮೇಲೆಯೇ ಅಚ್ಚಾಗಿರುತ್ತದೆ. ಕವಚವನ್ನು ಒಳಗಿನ ಫ್ರೇಮಿಗೆ ಹಾಕುವ ಮೊದಲೇ ಹೊಳಪಿನ (ಗ್ಲಾಸಿ) ಕೋಟ್, ಅದು ಒಣಗಿದ ಮೇಲೆ ಲೈನ್, ಆಮೇಲೆ ಡೆಕಾಲ್ (ಅಚ್ಚು ಹಾಕಿದ ತೆಳು ಗುರುತು ಚೀಟಿ), ಕೊನೆಗೆ ಮ್ಯಾಟ್: ನಾನು ಈ ಕ್ರಮ ಬಿಡುವುದಿಲ್ಲ. ಸ್ಪ್ರೇ ಕ್ಯಾನ್ 20ರಿಂದ 30 ಸೆಂ.ಮೀ. ದೂರದಿಂದ, ತೆಳುವಾಗಿ ಎರಡು ಮೂರು ಪದರ. ಮಳೆ ಸುರಿಯುವ ದಿನ ಕ್ಯಾನ್ ಮುಟ್ಟಬೇಡಿ, ಗಾಳಿಯ ತೇವ ಕೋಟಿನೊಳಗೆ ಸಿಕ್ಕಿ ಮೇಲ್ಮೈ ಬೂಷ್ಟು ಬಂದಂತೆ ಬೆಳ್ಳಗಾಗುತ್ತದೆ. ಮೊನೋ-ಐನ (ತಲೆಯ ಒಂಟಿ ಕಣ್ಣಿನ) ಪಾರದರ್ಶಕ ಭಾಗ ತೆಗೆದಿಟ್ಟು ಮ್ಯಾಟ್ ಹೊಡೆಯಿರಿ, ಇಲ್ಲದಿದ್ದರೆ ಕಣ್ಣಿಗೆ ಪೊರೆ ಬಂದ ಹಾಗಾಗುತ್ತದೆ.

ಡೆಕಾಲ್‌ಗಳು ನೀರಿನಲ್ಲಿ ನೆನೆಸಿ ಜಾರಿಸುವ ಬಗೆಯವು. ಈ ಕಿಟ್ಟಿನಲ್ಲಿ ಕವಚದ ಕೆಲವು ಫಲಕಗಳು ಸರಿದು ಒಳಗಿನ ಫ್ರೇಮ್ ಕಾಣುತ್ತದೆ. ಎರಡು ಫಲಕಗಳ ಗೆರೆಯ ಮೇಲೆ ಡೆಕಾಲ್ ಬಂದರೆ ಅದು ಒಣಗಿದ ಮೇಲೆ ಹೊಸ ಬ್ಲೇಡಿನಿಂದ ಗೆರೆಯುದ್ದಕ್ಕೂ ಸೀಳಿ, ಇಲ್ಲದಿದ್ದರೆ ಮೊದಲ ಸಲ ತೆರೆದಾಗಲೇ ಹರಿಯುತ್ತದೆ. ಜಾರುವ ಅಂಚುಗಳಿಗೆ ಕೋಟ್ ದಪ್ಪಗೆ ಬೀಳಬಾರದು. ಬಿದ್ದರೆ ಫಲಕ ಬಿಗಿಯುತ್ತದೆ, ಎಳೆದರೆ ಕೋಟ್ ಕಿತ್ತು ಬರುತ್ತದೆ.

ಈಗ ಭಾರ. ಟ್ಯಾಂಕ್, ಫನಲ್ ಎಲ್ಲ ಏರಿಸಿ, ಗುರಾಣಿ ಹಿಡಿಸಿ, ಪಕ್ಕದಿಂದ ನೋಡಿ. ಗುರುತ್ವಕೇಂದ್ರ ಹಿಮ್ಮಡಿಯ ಕಡೆಗೆ ಸರಿದಿರುತ್ತದೆ. ನೆಟ್ಟಗೆ ನಿಲ್ಲಿಸಿದರೆ ಮಾದರಿ ನಿಧಾನಕ್ಕೆ ಹಿಂದಕ್ಕೆ ವಾಲುತ್ತದೆ. ಸೊಂಟವನ್ನು ಕೊಂಚ ಮುಂದಕ್ಕೆ ಬಾಗಿಸಿ, ಒಂದು ಪಾದವನ್ನು ಅರ್ಧ ಹೆಜ್ಜೆ ಹಿಂದಿಡಿ, ಪಾದದ ಅಡಿ ಪೂರ್ತಿ ನೆಲಕ್ಕೆ ತಾಗಲಿ. ಹಾಗೇ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಯಾವ ಜಾಯಿಂಟ್ ಇಳಿದಿದೆ ನೋಡುವುದೇ ನನ್ನ ಪರೀಕ್ಷೆ. ಕೈಯಲ್ಲಿ ತಿರುಗಿಸಿ ‘ಟೈಟಾಗಿದೆ’ ಅನ್ನುವುದು ಲೆಕ್ಕಕ್ಕಿಲ್ಲ. ಸಡಿಲವಾಗಿದ್ದರೆ ಜಾಯಿಂಟಿನ ಪೆಗ್ಗನ್ನು (ಸಾಕೆಟ್ಟಿನೊಳಗೆ ಕೂರುವ ಗೂಟವನ್ನು) ಹೊರತೆಗೆದು ಸೂಪರ್ ಗ್ಲೂವಿನ ತೆಳು ಪದರ ಸವರಿ, ಹೊರಗೇ ಪೂರ್ತಿ ಒಣಗಿಸಿ, ಆಮೇಲೆ ಕೂರಿಸಿ. ಹಸಿಯಾಗಿ ಕೂರಿಸಿದರೆ ಜಾಯಿಂಟ್ ಅಂಟಿಕೊಂಡೇ ಹೋಗುತ್ತದೆ, ದಪ್ಪ ಹಚ್ಚಿದರೆ ಸಾಕೆಟ್ ಸೀಳುತ್ತದೆ.

ಬಣ್ಣ ಹಚ್ಚದೆಯೇ ಬರುವ ಬಣ್ಣ ವಿಂಗಡಣೆಗೆ ಮತ್ತು ಒಳಗಿನ ಫ್ರೇಮಿನ ವಿವರಕ್ಕೆ ನನ್ನ ಪೂರ್ಣ ಅಂಕ. ಕುಣಿಯುವ ಭಂಗಿಗಳಿಗೆ ಅಷ್ಟಿಲ್ಲ: ಸೊಂಟದ ಸುತ್ತಲಿನ ಕವಚ ತೊಡೆಯನ್ನು ತಡೆಯುತ್ತದೆ. ಹಾರುವ ಭಂಗಿ ಬೇಕೆಂದರೆ ಸ್ಟ್ಯಾಂಡ್ ಹಾಕಿ, ಅದರ ತೋಳಿನ ಸ್ಕ್ರೂಗಳನ್ನು ಭಾರ ಏರಿಸುವ ಮೊದಲೇ ಬಿಗಿಮಾಡಿಕೊಳ್ಳಿ.