ತುಂಬೆಯ ನೀರು ಹುಟ್ಟುವ ಕಡೆಗೆ ಮೂರು ದಿನ

ಮಂಗಳೂರಿನಲ್ಲಿ ನಮ್ಮ ಮನೆಯ ನಲ್ಲಿಗೆ ಬರುವುದು ತುಂಬೆ ಡ್ಯಾಮಿನ ನೀರು. ಅಂದರೆ ನೇತ್ರಾವತಿ. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗಲೆಲ್ಲ, ಈ ಹೊಳೆ ಮೇಲೆ ಘಟ್ಟದಲ್ಲಿ ಹೇಗಿದೆ ಅಂತ ನೋಡಬೇಕು ಅನಿಸಿದ್ದುಂಟು. ಹೋದ ಅಕ್ಟೋಬರಿನಲ್ಲಿ ಮೂರು ದಿನ ರಜೆ ಹಾಕಿ, ಇಬ್ಬರು ಗೆಳೆಯರ ಜೊತೆ ಹೊರಟೇಬಿಟ್ಟೆ.

ನೇತ್ರಾವತಿ ಹುಟ್ಟುವುದು ಕುದುರೆಮುಖದ ಬೆಟ್ಟಗಳಲ್ಲಿ. ಅದು ರಾಷ್ಟ್ರೀಯ ಉದ್ಯಾನ ಆದ್ದರಿಂದ ಸುಮ್ನೆ ಹೋಗಿ ಹತ್ತುವ ಹಾಗಿಲ್ಲ. ಅರಣ್ಯ ಇಲಾಖೆಯಲ್ಲಿ ಮೊದಲೇ ಆನ್‌ಲೈನ್ ಬುಕಿಂಗ್ ಆಗಬೇಕು. ಒಂದು ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಗೈಡ್ ಜೊತೆಗಿರಬೇಕು. ಮೇಲೆ ಟೆಂಟ್ ಹಾಕಿ ಉಳಿಯುವ ಹಾಗಿಲ್ಲ. ಅದಕ್ಕೇ ನಾವು ಸಂಸೆ ಹತ್ತಿರದ ಒಂದು ಮನೆಯಲ್ಲಿ ಉಳಿದು, ದಿನಾ ಹತ್ತಿ ಇಳಿಯುವುದು ಅಂತ ಮಾಡಿದೆವು. ಒಂದು ತಿಂಗಳು ಬೆಳಿಗ್ಗೆ ಕದ್ರಿ ಗುಡ್ಡದ ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿದ್ದು ಒಳ್ಳೆಯದಾಯಿತು.

ಮೊದಲ ದಿನ ಕಾರ್ಕಳ, ಬಜಗೋಳಿ, ಮಾಳ ಘಾಟಿ ದಾಟಿ ಬಸ್ಸಿನಲ್ಲಿ ಸಂಸೆ. ಅಲ್ಲಿಂದ ಮುಳ್ಳೋಡಿ ಕಡೆಗೆ ಎಲ್ಲರೂ ಜೀಪ್ ಹಿಡಿಯುತ್ತಾರೆ. ನಾವು ನಡೆದೆವು. ಚಹಾ ತೋಟ, ಆಮೇಲೆ ಅಡಿಕೆ, ನಡುನಡುವೆ ಕಾಲುಸಂಕ. ಮನೆಯವರು ರಾತ್ರಿ ಅಕ್ಕಿರೊಟ್ಟಿ, ಬಿಸಿ ಸಾರು ಬಡಿಸಿದರು. ಅಷ್ಟು ಹಸಿದಿದ್ದೆವು, ಯಾರೂ ಮಾತಾಡಲಿಲ್ಲ.

ಎರಡನೇ ದಿನ ಕುದುರೆಮುಖ. ಎತ್ತರ ಸುಮಾರು 1,890 ಮೀಟರ್, ಹೋಗಿ ಬರಲು ಇಡೀ ದಿನ ಬೇಕು. ನಮ್ಮ ಗೈಡ್ ಅದೇ ಕಡೆಯ ಹುಡುಗ. ಅವನ ನಡಿಗೆ ನಿಧಾನ, ಆದರೆ ನಿಲ್ಲುವುದೇ ಇಲ್ಲ. ನಾವು ಓಡಿ ಏದುಸಿರು ಬಿಡುವಾಗ, ಅವನು ಅದೇ ಹೆಜ್ಜೆಯಲ್ಲಿ ನಮ್ಮನ್ನು ದಾಟಿ ಹೋಗುತ್ತಿದ್ದ. ಒಂಟಿಮರ ದಾಟಿದ ಮೇಲೆ ನಾನೂ ಅವನ ಹೆಜ್ಜೆ ಹಿಡಿದೆ. ಆಗ ಉಸಿರು ಸರಿಹೋಯಿತು.

ಅಲ್ಲಿ ಬೆಟ್ಟದ ಬೆನ್ನಿನ ಮೇಲೆಲ್ಲ ಬರೀ ಹುಲ್ಲು. ಎರಡು ಬೆಟ್ಟಗಳ ನಡುವಿನ ಮಡಿಕೆಗಳಲ್ಲಿ ಮಾತ್ರ ದಟ್ಟ ಕಾಡು, ಅದೇ ಶೋಲಾ. ಗಾಳಿ ಹೊಡೆಯುವ ಕಡೆ ಮಣ್ಣು ತೆಳು, ಮಡಿಕೆಯಲ್ಲಿ ಮಣ್ಣೂ ನೀರೂ ಸೇರುತ್ತವೆ. ಒಂದು ಶೋಲಾದೊಳಗೆ ಹೊಕ್ಕಾಗ ಒಮ್ಮೆಗೇ ತಂಪು. ಗೈಡ್ ಬಗ್ಗಿ, ಮರದ ಬುಡದಿಂದ ಕೊಳೆತ ಎಲೆ, ಕಪ್ಪು ಮಣ್ಣು ಸೇರಿದ ಒಂದು ಹಿಡಿ ತೆಗೆದು ನನ್ನ ಕೈಗಿಟ್ಟ. 'ಹಿಂಡಿ ನೋಡಿ' ಅಂದ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು. ನಾಲ್ಕು ದಿನದಿಂದ ಅಲ್ಲಿ ಮಳೆ ಬಂದಿರಲಿಲ್ಲ! ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುವ ಜಾಗ ಇದು, ಮಂಗಳೂರಿನ ಹತ್ತಿರಹತ್ತಿರ ಎರಡು ಪಟ್ಟು. ಅದನ್ನು ಹೀಗೆ ಹಿಡಿದಿಟ್ಟು ಬೇಸಿಗೆಯವರೆಗೆ ಸ್ವಲ್ಪ ಸ್ವಲ್ಪವೇ ಬಿಡುವುದು ಈ ಮಣ್ಣು. ಇದೇ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರಿಗಾಗಿ ಅಗೆಯುತ್ತಿದ್ದರು, ಅದು ಪೈಪಿನಲ್ಲಿ ಮಂಗಳೂರಿನ ಬಂದರಿರುವ ಪಣಂಬೂರಿಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನಿಂತದ್ದು ಎಷ್ಟು ದೊಡ್ಡ ವಿಷಯ ಅಂತ ಆ ಹಿಡಿ ಮಣ್ಣು ನೋಡಿದ ಮೇಲೆಯೇ ನನಗೆ ಗೊತ್ತಾದದ್ದು.

ಇಳಿಯುವಾಗ ನನ್ನ ಹೊಸ ಶೂ ಕೈಕೊಟ್ಟಿತು. ಹೆಬ್ಬೆರಳ ಉಗುರು ಕಪ್ಪಾಯಿತು. ನೀವು ಹೋಗುವುದಾದರೆ ಹಳೆಯ, ಪಳಗಿದ ಶೂ ಹಾಕಿ, ಅರ್ಧ ಸೈಜ್ ದೊಡ್ಡದಿದ್ದರೆ ಇನ್ನೂ ಒಳ್ಳೆಯದು. ಉಗುರು ಕತ್ತರಿಸಿಕೊಂಡೇ ಹೋಗಿ. ರಕ್ತ ಹೀರುವ ಇಂಬಳಕ್ಕೆ ಉಪ್ಪಿನ ಪೊಟ್ಟಣ ಸಾಕು, ಹೆದರಬೇಡಿ.

ಮೂರನೇ ದಿನ ಬೆರಳಿಗೆ ಬಟ್ಟೆ ಸುತ್ತಿಕೊಂಡು ನೇತ್ರಾವತಿ ಶಿಖರ. ಕುದುರೆಮುಖಕ್ಕಿಂತ ಸುಲಭ, ದಾರಿಯೂ ಚಿಕ್ಕದು. ತುದಿಯಲ್ಲಿ ಬರೀ ಮಂಜು, ಎದುರು ಏನೂ ಕಾಣುತ್ತಿಲ್ಲ. ಗೆಳೆಯರು ಇಳಿಯೋಣ ಅಂದರು. ಗೈಡ್ ಕೂರಿ ಅಂದ. ಅರ್ಧ ಗಂಟೆ ಕೂತೆವು. ಗಾಳಿ ತಿರುಗಿದ ಹಾಗೆ ಮಂಜು ಹರಿಯಿತು. ಕಾಲಬುಡದಲ್ಲೇ ಬೆಟ್ಟ ಕಡಿದು ಹೋಗಿ, ತುಂಬಾ ಕೆಳಗೆ ಬೆಳ್ತಂಗಡಿ ಕಡೆಯ ಹಸಿರು ಕಂಡಿತು.

ಅವನು ನಾವು ಹತ್ತಿ ಬಂದ ಕಡೆ ಕೈ ತೋರಿಸಿದ. 'ಈಚೆ ಬಿದ್ದ ಮಳೆ ಭದ್ರೆಗೆ.' ಆಮೇಲೆ ಆಚೆ ತೋರಿಸಿದ. 'ಆಚೆ ಬಿದ್ದದ್ದು ನಿಮ್ಮ ಊರಿಗೆ.' ಕಣಿವೆಯಲ್ಲೆಲ್ಲೋ ನೀರು ಇಳಿಯುವ ಸದ್ದು ಕೇಳುತ್ತಿತ್ತು. ಕಿವಿಗೊಟ್ಟು ಕೂತಿರುವಾಗಲೇ ಮಂಜು ಮತ್ತೆ ಮುಚ್ಚಿತು. ಸದ್ದು ಮಾತ್ರ ಹಾಗೇ ಇತ್ತು.