ಮೊದಲು ತೊಡೆ, ಆಮೇಲೆ ಮಾತ್ರೆ: ನನ್ನ ಅನುಭವ

ಆಯುಷ್ಯ ಜಾಸ್ತಿ ಮಾಡಿಕೊಳ್ಳೋಕೆ ನೀವು ಏನು ತಗೊಳ್ತೀರಿ ಅಂತ ಪರಿಚಯದವರು ಆಗಾಗ ಕೇಳುತ್ತಾರೆ. ಏನೂ ಇಲ್ಲ ಅಂದರೆ ನಂಬುವುದಿಲ್ಲ. ಮುಪ್ಪಿನ ಜೀವಶಾಸ್ತ್ರವನ್ನು ವರ್ಷಗಟ್ಟಲೆ ಓದುವ ಮನುಷ್ಯ ಗುಟ್ಟಾಗಿ ಯಾವುದೋ ಮಾತ್ರೆ ನುಂಗುತ್ತಿರಲೇಬೇಕು ಅನ್ನೋದು ಅವರ ಲೆಕ್ಕ. ನಾನು ತೂಕ ಎತ್ತುತ್ತೇನೆ, ಏದುಸಿರು ಬರುವ ಹಾಗೆ ಓಡುತ್ತೇನೆ, ಬಿಪಿ ನೋಡಿಕೊಳ್ಳುತ್ತೇನೆ, ಹೊತ್ತಿಗೆ ಸರಿಯಾಗಿ ಮಲಗುತ್ತೇನೆ. ಅಷ್ಟೇ. ಕೇಳೋಕೆ ಸಪ್ಪೆ ಅಲ್ವಾ?

ನನಗೆ ಈ ಹುಚ್ಚು ಹಿಡಿದಿದ್ದು ಒಂದು ಹುಳದಿಂದ. ಒಂದು ಮಿಲಿಮೀಟರ್ ಉದ್ದದ ದುಂಡುಹುಳದಲ್ಲಿ ಡ್ಯಾಫ್-2 ಅನ್ನೋ ಒಂದೇ ಒಂದು ಜೀನ್ ಬದಲಾದರೆ ಅದು ಎರಡು ಪಟ್ಟು ಕಾಲ ಬದುಕುತ್ತದೆ ಅಂತ ವಿಜ್ಞಾನಿ ಸಿಂಥಿಯಾ ಕೆನ್ಯನ್ ಮತ್ತು ತಂಡದವರು 1993ರಲ್ಲಿ ತೋರಿಸಿದರು. ಬದುಕುವುದಷ್ಟೇ ಅಲ್ಲ, ಅದೇ ವಯಸ್ಸಿನ ಬೇರೆ ಹುಳಗಳು ಅಲುಗಾಡದೆ ಬಿದ್ದಿರುವಾಗ ಇವು ಆರಾಮಾಗಿ ಓಡಾಡುತ್ತಿದ್ದವು. ಆಮೇಲೆ 2009ರಲ್ಲಿ ರಾಪಮೈಸಿನ್ ಸುದ್ದಿ ಬಂತು. 600 ದಿನದ ಇಲಿಗಳಿಗೆ, ಅಂದರೆ ಮನುಷ್ಯರ ಲೆಕ್ಕದಲ್ಲಿ 60ರ ಆಸುಪಾಸಿನ ಇಲಿಗಳಿಗೆ, ಈ ಔಷಧಿ ಕೊಟ್ಟರೂ ಆಯುಷ್ಯ ಹೆಚ್ಚಿತು. 2013ರಲ್ಲಿ ವಿಜ್ಞಾನಿಗಳು ಮುಪ್ಪಿನ ಒಂಬತ್ತು ಗುರುತುಗಳನ್ನು ಪಟ್ಟಿ ಮಾಡಿದರು, 2023ರಲ್ಲಿ ಅದು ಹನ್ನೆರಡಾಯಿತು. ಡಿಎನ್‌ಎಗೆ ಆಗುವ ಹಾನಿ, ಸವೆಯುವ ಟೆಲೊಮಿಯರ್ (ವರ್ಣತಂತುಗಳ ತುದಿಯ ರಕ್ಷಾಕವಚ), ಸೋತ ಮೈಟೊಕಾಂಡ್ರಿಯಾ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗ) ಎಲ್ಲ ಅದರಲ್ಲಿವೆ. ನನಗೆ ಅದರಲ್ಲಿ ಅತಿ ಕುತೂಹಲ ಹುಟ್ಟಿಸಿದ್ದು ಮುದಿ ಜೀವಕೋಶಗಳು. ಇವು ವಿಭಜನೆ ನಿಲ್ಲಿಸುತ್ತವೆ, ಆದರೆ ಸಾಯುವುದಿಲ್ಲ. ಕೆಲಸ ಬಿಟ್ಟು ಜಗಲಿಯಲ್ಲಿ ಕೂತು ಬೀದಿಗೆಲ್ಲ ಜಗಳ ಹಚ್ಚುವವರ ಹಾಗೆ, ಉರಿಯೂತದ ರಾಸಾಯನಿಕಗಳನ್ನು ಸುರಿಸಿ ಪಕ್ಕದ ಕೋಶಗಳನ್ನೂ ಕೆಡಿಸುತ್ತವೆ.

ತೊಡಕು ಇರುವುದು ಇಲಿಯಿಂದ ಮನುಷ್ಯನಿಗೆ ದಾಟುವ ಜಾಗದಲ್ಲಿ. ಲ್ಯಾಬಿನ ಇಲಿ ಸಾಯುವುದು ಹೆಚ್ಚಾಗಿ ಕ್ಯಾನ್ಸರಿನಿಂದ. ನಮ್ಮಲ್ಲಿ ಅತಿ ಹೆಚ್ಚು ಜನರನ್ನು ಕೊಲ್ಲುವುದು ಹೃದಯ ಮತ್ತು ರಕ್ತನಾಳದ ಕಾಯಿಲೆ. ಇಲಿ ರೋಗಾಣುಗಳಿಲ್ಲದ ಪಂಜರದಲ್ಲಿರುತ್ತದೆ, ನಾವು ಇಲ್ಲ. ರಾಪಮೈಸಿನ್ ಅಂದರೆ ಕಿಡ್ನಿ ಕಸಿಯಾದವರಿಗೆ ರೋಗನಿರೋಧಕ ಶಕ್ತಿ ತಗ್ಗಿಸಲು ಕೊಡುವ ಔಷಧಿ. ಅದು ಮನುಷ್ಯರ ಆಯುಷ್ಯ ಹೆಚ್ಚಿಸುತ್ತದೆ ಅಂತ ಇನ್ನೂ ಯಾವ ಪ್ರಯೋಗವೂ ತೋರಿಸಿಲ್ಲ. ಒಂದು ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ, ದ್ರಾಕ್ಷಿ ಸಿಪ್ಪೆಯಲ್ಲಿ ಸಿಗುವ ರೆಸ್ವೆರಟ್ರಾಲ್ ಅನ್ನೋ ರಾಸಾಯನಿಕ ಮಾಮೂಲಿ ಆಹಾರ ತಿನ್ನುವ ಇಲಿಗಳಲ್ಲೇ ಆಯುಷ್ಯ ಹೆಚ್ಚಿಸಲಿಲ್ಲ, ಆದರೂ ಅದರ ಮಾರಾಟ ನಿಂತಿಲ್ಲ.

'ಜೈವಿಕ ವಯಸ್ಸು' ಹೇಳುವ ಪರೀಕ್ಷೆಯನ್ನೂ ಮಾಡಿಸಿ ನೋಡಿದೆ. ಡಿಎನ್‌ಎ ಮೇಲೆ ಅಲ್ಲಲ್ಲಿ ಅಂಟಿಕೊಂಡಿರುವ ಮೀಥೈಲ್ ಅನ್ನೋ ಪುಟ್ಟ ರಾಸಾಯನಿಕ ಗುರುತುಗಳನ್ನು ಅಳೆದು ವಯಸ್ಸು ಹೇಳುವ ವಿಧಾನ ಅದು. ಸ್ಟೀವ್ ಹೊರ್ವಾತ್ ಅನ್ನೋ ವಿಜ್ಞಾನಿ 2013ರಲ್ಲಿ 353 ಜಾಗಗಳನ್ನು ಆರಿಸಿ ಇದಕ್ಕೊಂದು ಗಡಿಯಾರ ಮಾಡಿದ್ದರು. ನಾನು ಒಂದೇ ದಿನ, ಒಂದೇ ಕೂತಿನಲ್ಲಿ ಎರಡು ಮಾದರಿ ತೆಗೆದು ಬೇರೆ ಬೇರೆಯಾಗಿ ಕಳಿಸಿದೆ. ಒಂದು ವರದಿ ನನ್ನನ್ನು ಹೊಗಳಿತು, ಇನ್ನೊಂದು ಪಕ್ಕಾ ಮುದುಕ ಮಾಡಿತು. ಸಾವಿರಾರು ಜನರ ಸರಾಸರಿ ನೋಡೋಕೆ ಈ ಗಡಿಯಾರಗಳು ಸೊಗಸಾದ ಸಾಧನ. ಒಬ್ಬನ ಮಟ್ಟಿಗೆ ಅಳತೆಯಲ್ಲಿನ ಏರುಪೇರೇ ಹಲವು ವರ್ಷ ಆಚೀಚೆ ಮಾಡುತ್ತದೆ. ಅಲ್ಲಿಂದ ಆ ದುಡ್ಡು ಉಳಿಯಿತು.

ಉಪವಾಸವನ್ನೂ ನೋಡಾಯಿತು. ಮನುಷ್ಯರ ಮೇಲೆ ಎರಡು ವರ್ಷ ನಡೆದ ಕ್ಯಾಲರಿ ಪ್ರಯೋಗದಲ್ಲಿ ಜನ ಸುಮಾರು 12% ಊಟ ಕಡಿಮೆ ಮಾಡಿದಾಗ ಬಿಪಿ, ಕೊಲೆಸ್ಟ್ರಾಲ್ ಎಲ್ಲ ಸುಧಾರಿಸಿದವು, ನಿಜ. ಕೊಬ್ಬಿನ ಜೊತೆ ಸ್ನಾಯುವೂ ಸ್ವಲ್ಪ ಕರಗಿತು. ನನಗೆ ಮೈಯೆಲ್ಲ ಚಳಿ, ಸುಮ್ನೆ ಸಿಡುಕು, ಎತ್ತುವ ತೂಕವೂ ಇಳಿಯಿತು. ಬಿಟ್ಟೆ.

ನನ್ನ ದಿಕ್ಕು ಬದಲಾಗಿದ್ದು 1990ರ ಒಂದು ಪುಟ್ಟ ಅಧ್ಯಯನದಿಂದ. ವೃದ್ಧಾಶ್ರಮದಲ್ಲಿದ್ದ, 90ರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಹಗುರದ ಆಟಿಕೆ ತೂಕ ಅಲ್ಲ, ನಿಜವಾದ ಭಾರ. ಅಭ್ಯಾಸ ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ 174% ಏರಿತು. ತೊಂಬತ್ತರಲ್ಲೂ ಸ್ನಾಯು ಮಾತು ಕೇಳುತ್ತದೆ ಅಂದಮೇಲೆ ನಮ್ಮದು ಕೇಳದೆ ಇರುತ್ತದೆಯೇ?

ವಯಸ್ಸಾದಂತೆ ಬೆನ್ನುಹುರಿಯಲ್ಲಿ ಸ್ನಾಯುವಿಗೆ ಆಜ್ಞೆ ಕೊಡುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಅನಾಥವಾದ ಸ್ನಾಯುತಂತುಗಳಲ್ಲಿ ಕೆಲವನ್ನು ಪಕ್ಕದ ನರ ದತ್ತು ತಗೊಳ್ಳುತ್ತದೆ, ಉಳಿದವು ಸೊರಗಿ ಹೋಗುತ್ತವೆ. ಜಾಸ್ತಿ ಸೊರಗುವುದು ವೇಗದ ತಂತುಗಳು. ಎಡವಿದಾಗ ಕಾಲನ್ನು ತಟ್ಟನೆ ಮುಂದಿಟ್ಟು ನಮ್ಮನ್ನು ಉಳಿಸುವುದು ಅವೇ. ಅದಕ್ಕೇ ನಾನು ಸ್ಕ್ವಾಟ್ ಮಾಡುವಾಗ ನಿಧಾನಕ್ಕೆ ಇಳಿಯುತ್ತೇನೆ, ಏಳುವುದು ಮಾತ್ರ ಆದಷ್ಟು ಜೋರಾಗಿ. ಇನ್ನು ಎರಡು ಸಲ ಮಾಡಬಹುದಿತ್ತು ಅನ್ನಿಸಿದಾಗ ನಿಲ್ಲಿಸುತ್ತೇನೆ. ಪ್ರೋಟೀನ್ ದಿನಕ್ಕೆ ಕಿಲೋ ದೇಹತೂಕಕ್ಕೆ ಸುಮಾರು 1.2 ಗ್ರಾಂ. ವಯಸ್ಸಾದ ಸ್ನಾಯು ಪ್ರೋಟೀನಿಗೆ ಮಂದವಾಗಿ ಸ್ಪಂದಿಸುತ್ತದೆ, ಹಾಗಾಗಿ ಪ್ರತಿ ಊಟದಲ್ಲೂ ಒಂದು ಒಳ್ಳೆ ಪಾಲು ಇರಬೇಕು.

ಎರಡನೆಯದು ಉಸಿರು. ವಿಒ2 ಮ್ಯಾಕ್ಸ್ ಅಂದರೆ ಮೈ ಒಂದು ನಿಮಿಷದಲ್ಲಿ ಬಳಸಬಲ್ಲ ಅತಿ ಹೆಚ್ಚು ಆಮ್ಲಜನಕ. ಇದು ದಶಕಕ್ಕೆ ಹೆಚ್ಚುಕಡಿಮೆ 10% ಇಳಿಯುತ್ತದೆ, 70 ದಾಟಿದ ಮೇಲೆ ಇನ್ನೂ ಜೋರಾಗಿ. ಯಾರ ನೆರವೂ ಇಲ್ಲದೆ ಬದುಕಲು ಕಿಲೋ ತೂಕಕ್ಕೆ ಸುಮಾರು 18 ಮಿಲಿಲೀಟರ್ ಬೇಕು ಅನ್ನುತ್ತಾರೆ. ಈಗ ಲೆಕ್ಕ ಹಾಕಿ. 50ರಲ್ಲಿ 45 ಇದ್ದವನು 80ಕ್ಕೆ 33ರ ಹತ್ತಿರ ಇರುತ್ತಾನೆ. 28 ಇದ್ದವನು 20ಕ್ಕೆ ಬಂದು ನಿಲ್ಲುತ್ತಾನೆ, ಒಂದು ಜ್ವರ, ಒಂದು ಆಪರೇಷನ್ ಬಂದರೆ ಗೆರೆಯ ಕೆಳಗೆ. ಇಬ್ಬರಿಗೂ ಮುಪ್ಪು ಅದೇ ವೇಗದಲ್ಲೇ ಬಂದಿದೆ, ಮೀಸಲು ಮಾತ್ರ ಬೇರೆ. ಈ ಲೆಕ್ಕ ತಲೆಗೆ ಹೋದ ಮೇಲೆ ನನಗೆ ಅಲಾರಂ ಬೇಕಾಗಲಿಲ್ಲ. ನಾಲ್ಕು ನಿಮಿಷ ಮಾತಾಡೋಕಾಗದಷ್ಟು ಜೋರು, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸುತ್ತು, ವಾರಕ್ಕೊಂದು ಸಲ. ಮೂರನೇ ಸುತ್ತಿನ ಕೊನೇ ನಿಮಿಷ ನಿಜಕ್ಕೂ ಹಿಂಸೆ. ಉಳಿದ ದಿನ ಹರಟೆ ಹೊಡೆಯುತ್ತಾ ಮಾಡಬಹುದಾದ ವೇಗದ ನಡಿಗೆ.

ಬಿಪಿ ವಿಷಯದಲ್ಲಿ ಜನ ಯಾಕೆ ಇಷ್ಟು ಉದಾಸೀನ ಅಂತ ನನಗೆ ಅರ್ಥವಾಗುವುದಿಲ್ಲ. ಹೃದಯದ ಅಪಾಯ ಹೆಚ್ಚಿದ್ದ 9,300ಕ್ಕೂ ಹೆಚ್ಚು ಜನರ ಮೇಲೆ ನಡೆದ, 2015ರಲ್ಲಿ ಫಲಿತಾಂಶ ಬಂದ ಪ್ರಯೋಗದಲ್ಲಿ ಮೇಲಿನ ಅಂಕಿಯನ್ನು 140ರ ಬದಲು 120ರ ಕೆಳಗೆ ತರಲು ನೋಡಿದಾಗ ಸಾವು ಕಾಲು ಭಾಗದಷ್ಟು ಕಡಿಮೆಯಾಯಿತು. ಯಾವ ದೀರ್ಘಾಯುಷ್ಯದ ಮಾತ್ರೆಗೂ ಮನುಷ್ಯರಲ್ಲಿ ಇಂಥ ಸಾಕ್ಷಿ ಇಲ್ಲ. ನಾನು ಮನೆಯಲ್ಲೇ ನೋಡುತ್ತೇನೆ. ಐದು ನಿಮಿಷ ಮಾತಿಲ್ಲದೆ ಕೂತು, ಬೆನ್ನಿಗೆ ಒರಗು, ಪಾದ ನೆಲಕ್ಕೆ, ತೋಳಿಗೆ ಸುತ್ತಿದ ಪಟ್ಟಿ ಎದೆಯ ಮಟ್ಟಕ್ಕೆ. ಕಾಲ ಮೇಲೆ ಕಾಲು ಹಾಕಿ ಕೂತರೆ ಅಂಕಿ ಏರುತ್ತದೆ, ಬೇಕಾದರೆ ಪರೀಕ್ಷಿಸಿ.

ಎಲ್ಲಿಂದ ಶುರು ಮಾಡಲಿ ಅನ್ನುವವರಿಗೆ ನಾನು ಹೇಳುವುದು ನೆಲದಿಂದ. ಚಕ್ಕಳಮಕ್ಕಳ ಹಾಕಿ ಕೂತು, ಕೈ ಊರದೆ, ಮಂಡಿ ಊರದೆ ಎದ್ದು ನೋಡಿ. ಆಗಲಿಲ್ಲವಾದರೆ ಗಟ್ಟಿ ಕುರ್ಚಿಯ ಮೇಲೆ ಕೂತು, ಕೈ ಎದೆಗೆ ಕಟ್ಟಿ ಎದ್ದು ಕೂರುವುದನ್ನು ಅಭ್ಯಾಸ ಮಾಡಿ. ಅದು ಸಲೀಸಾದಾಗ ಇನ್ನೂ ತಗ್ಗಿನ ಆಸನ, ಆಮೇಲೆ ಎದೆಗೆ ಅಪ್ಪಿಕೊಂಡ ಭಾರ. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಆ ನಾಲ್ಕು ನಿಮಿಷದ ಓಟಕ್ಕೆ ಇಳಿಯಬೇಡಿ.