ಮಲೆನಾಡಿನ ಮಿಶ್ರದಾರಿ ಸೈಕಲ್ ಸ್ಪರ್ಧೆ: ಕೆಟ್ಟ ಹತ್ತು ಕಿಲೋಮೀಟರಿಗೆ ತಯಾರಾಗುವುದು ಹೇಗೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ 80–100 ಕಿ.ಮೀ. ಹವ್ಯಾಸಿ ಸ್ಪರ್ಧೆಗೆ ಹೆಸರು ಕೊಟ್ಟವರು ಡಾಂಬರಿನ ಲೆಕ್ಕ ಹಾಕಿಕೊಂಡು ಬಂದರೆ ಕೆಡುತ್ತಾರೆ. ಸವಾರರನ್ನು ನಿಲ್ಲಿಸುವುದು ಡಾಂಬರಲ್ಲ. ತೋಟದೊಳಗಿನ ಕೆಮ್ಮಣ್ಣು, ಜಲ್ಲಿ ಎದ್ದ ಚಡಾವು, ನೆರಳಿನಲ್ಲಿ ಪಾಚಿ ಕಟ್ಟಿದ ಕಾಂಕ್ರೀಟು. ಆದ್ದರಿಂದ ಸೈಕಲ್ಲನ್ನು ದಾರಿಯ ಅತಿ ಕೆಟ್ಟ ಹತ್ತು ಕಿಲೋಮೀಟರಿಗೆ ಹೊಂದಿಸಿ. ಉಳಿದ ಕಡೆ ಗಂಟೆಗೆ ಒಂದು ಕಿಲೋಮೀಟರು ಕಡಿಮೆ ಓಡಿದರೆ ನಷ್ಟವಿಲ್ಲ.

ಸಂಘಟಕರು ಜಿಪಿಎಕ್ಸ್ ಫೈಲ್ (ದಾರಿಯ ಡಿಜಿಟಲ್ ನಕ್ಷೆ) ಕೊಟ್ಟ ದಿನವೇ ಕೂತು ಓದಿ. ಒಟ್ಟು ಏರು ಎಷ್ಟು ಮೀಟರು ಎಂಬುದಕ್ಕಿಂತ 10 ಶೇಕಡಾ ಮೀರಿದ ಚಡಾವು ಎಲ್ಲೆಲ್ಲಿ, ಎಷ್ಟನೇ ಕಿಲೋಮೀಟರಿನಲ್ಲಿ ಎಂಬುದು ಮುಖ್ಯ. ಚಿಕ್ಕಮಗಳೂರು ಊರು ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ 1,930 ಮೀಟರ್. ಒಂದೇ ಏರಿನಲ್ಲಿ 800 ಮೀಟರಿಗೂ ಮಿಕ್ಕ ವ್ಯತ್ಯಾಸ. ತೋಟದ ದಾರಿಗಳಲ್ಲಿ ಏರು ಚಿಕ್ಕದು, ಆದರೆ ಹಳ್ಳಕ್ಕಿಳಿದು ಮತ್ತೆ ಹತ್ತುವುದು ಮುಗಿಯುವುದೇ ಇಲ್ಲ. ಕಾಲು ಸೋಲುವುದು ಅಲ್ಲೇ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ, ನಕ್ಷೆಯನ್ನು ಮೊದಲೇ ಆಫ್‌ಲೈನ್‌ನಲ್ಲಿ ಇಳಿಸಿಕೊಳ್ಳಿ.

ಗೇರಿನ ವಿಷಯದಲ್ಲಿ ಸಂಕೋಚ ಬೇಡ. 40 ಮಿ.ಮೀ. ಟೈರಿನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಮುಂದೆ 34, ಹಿಂದೆ 34 ಹಲ್ಲಿದ್ದರೆ ನಿಮಿಷಕ್ಕೆ 60 ಸುತ್ತು ತುಳಿದಾಗ ವೇಗ ಗಂಟೆಗೆ 8 ಕಿ.ಮೀ. ಹತ್ತಿರ. ಸವಾರ, ಸೈಕಲ್ಲು ಸೇರಿ 85 ಕೆ.ಜಿ. ಆದರೆ 12 ಶೇಕಡಾ ಏರಿನಲ್ಲಿ ಈ ವೇಗಕ್ಕೆ ಸುಮಾರು 250 ವ್ಯಾಟ್ ಬೇಕು. ನಾಲ್ಕನೇ ಗಂಟೆಯಲ್ಲಿ ಅಷ್ಟು ಶಕ್ತಿ ಹೆಚ್ಚಿನ ಹವ್ಯಾಸಿಗಳಲ್ಲಿ ಉಳಿದಿರುವುದಿಲ್ಲ. ಮುಂದೆ 30, ಹಿಂದೆ 42 ಇದ್ದರೆ ಅದೇ 60 ಸುತ್ತಿಗೆ 5.7 ಕಿ.ಮೀ. ವೇಗ, ಶಕ್ತಿ 175 ವ್ಯಾಟ್ ಸುತ್ತಮುತ್ತ ಸಾಕು. ಕ್ಯಾಸೆಟ್ (ಹಿಂಚಕ್ರದ ಹಲ್ಲುಗಾಲಿಗಳ ಗೊಂಚಲು) ದೊಡ್ಡದು ಮಾಡುವ ಮುಂಚೆ ನಿಮ್ಮ ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಎಷ್ಟು ಹಲ್ಲಿನವರೆಗೆ ತಾಳುತ್ತದೆ ನೋಡಿ. ಚೈನ್ ಗಿಡ್ಡವಾಗಿದ್ದು ಮುಂದೆ, ಹಿಂದೆ ಎರಡೂ ಕಡೆ ದೊಡ್ಡ ಹಲ್ಲುಗಾಲಿಗೆ ಹಾಕಿದರೆ ಡಿರೇಲರ್ ಕಿತ್ತು ಬರುತ್ತದೆ.

ಟೈರು 40ರಿಂದ 45 ಮಿ.ಮೀ., ಟ್ಯೂಬ್‌ಲೆಸ್. ಫ್ರೇಮಿಗೂ ಟೈರಿಗೂ ನಡುವೆ ಎರಡೂ ಬದಿ ಕನಿಷ್ಠ 6 ಮಿ.ಮೀ. ಜಾಗವಿರಲಿ. ಒದ್ದೆ ಕೆಮ್ಮಣ್ಣು ಅಂಟಿದರೆ ಇದಕ್ಕಿಂತ ಕಡಿಮೆ ಜಾಗದಲ್ಲಿ ಚಕ್ರ ತಿರುಗುವುದೇ ನಿಲ್ಲುತ್ತದೆ. 70 ಕೆ.ಜಿ. ಸವಾರನಿಗೆ 40 ಮಿ.ಮೀ. ಟೈರಿನಲ್ಲಿ ಮುಂದೆ 30, ಹಿಂದೆ 33 ಪಿಎಸ್‌ಐನಿಂದ ಶುರು ಮಾಡಿ. ಕಲ್ಲಿಗೆ ರಿಮ್ ಬಡಿಯುವ ಸದ್ದು ಬಂದರೆ 2 ಏರಿಸಿ, ಮಳೆ ಬಿದ್ದಿದ್ದರೆ 2 ಇಳಿಸಿ. ಟ್ಯೂಬ್ ಹಾಕಿದವರು 40ರ ಆಸುಪಾಸಿಗೆ ಇರಬೇಕು, ಇಲ್ಲದಿದ್ದರೆ ಕಲ್ಲು ಮತ್ತು ರಿಮ್ ನಡುವೆ ಸಿಕ್ಕಿ ಟ್ಯೂಬ್ ಎರಡು ಕಡೆ ತೂತಾಗುತ್ತದೆ. ಸೀಲಂಟ್ (ತೂತು ಮುಚ್ಚುವ ದ್ರವ) ಪ್ರತಿ ಟೈರಿಗೆ 60–90 ಮಿ.ಲೀ. ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ, ಸ್ಪರ್ಧೆಗೆ ಒಂದು ವಾರ ಮುಂಚೆ ಹೊಸದು ಸುರಿಯಿರಿ. ಹಿಂದಿನ ದಿನ ಬೇಡ: ಬೀಡ್ (ರಿಮ್ಮಿಗೆ ಕೂರುವ ಟೈರಿನ ಅಂಚು) ಸರಿಯಾಗಿ ಕೂತಿಲ್ಲದಿದ್ದರೆ ಗೊತ್ತಾಗಲು ಸಮಯ ಬೇಕು. ಇನ್ನೊಂದು ಮಾತು. ದೊಡ್ಡ ಸೀಳಾಗಿ ದಾರಿಯಲ್ಲಿ ಟ್ಯೂಬ್ ಹಾಕಬೇಕಾದರೆ ಟೈರಿನ ಒಳಮೈಯನ್ನು ಸುತ್ತಲೂ ನಿಧಾನವಾಗಿ ಸವರಿ ನೋಡಿ. ಸೀಲಂಟ್ ಮುಚ್ಚಿಟ್ಟಿದ್ದ ಹಳೆಯ ಮುಳ್ಳುಗಳು ಅಲ್ಲೇ ಇರುತ್ತವೆ, ಹೊಸ ಟ್ಯೂಬನ್ನು ಐದು ನಿಮಿಷದಲ್ಲಿ ಚುಚ್ಚುತ್ತವೆ.

ಡಿಸ್ಕ್ ಬ್ರೇಕಿಗೆ ಮೆಟಲ್ ಪ್ಯಾಡ್ ಹಾಕಿ. ರೆಸಿನ್ ಪ್ಯಾಡ್ ಮರಳು ಬೆರೆತ ಕೆಸರಿನಲ್ಲಿ ಬೇಗ ಸವೆಯುತ್ತದೆ, ಒಂದು ಒದ್ದೆ ದಿನದಲ್ಲೇ ಮುಗಿಯಲೂಬಹುದು. ಆದರೆ ಪ್ಯಾಡ್ ಹಿಡಿಯುವ ತಟ್ಟೆಗಳಲ್ಲಿ, ಅಂದರೆ ರೋಟರ್‌ಗಳಲ್ಲಿ, ಕೆಲವುದರ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಬರೆದಿರುತ್ತದೆ. ಅವಕ್ಕೆ ಮೆಟಲ್ ಹಾಕಬಾರದು. ಹೊಸ ಪ್ಯಾಡನ್ನು ಇಳಿಜಾರಿನಲ್ಲಿ ವೇಗದಿಂದ ಬಹುತೇಕ ನಿಲ್ಲುವವರೆಗೆ ಹದಿನೈದಿಪ್ಪತ್ತು ಸಲ ಹಿಡಿದು ಪಳಗಿಸಿ.

ಚೀಲದಲ್ಲಿ ಇರಬೇಕಾದ್ದು: ಟೈರ್ ಪ್ಲಗ್, ಎರಡು ಟ್ಯೂಬು, ಪಂಪು, ಟೈರ್ ಲಿವರು, ಸೀಳಿಗೆ ಒಳಗಿನಿಂದ ಒತ್ತು ಕೊಡಲು ಹಳೆಯ ಟೈರಿನ ತುಂಡು, ಚೈನ್ ಕಟರ್, ನಿಮ್ಮ ಚೈನಿನ ಸ್ಪೀಡಿಗೆ (ಹಿಂದಿನ ಗೇರುಗಳ ಸಂಖ್ಯೆಗೆ) ಹೊಂದುವ ಎರಡು ಕ್ವಿಕ್ ಲಿಂಕು (ತುಂಡಾದ ಚೈನ್ ಜೋಡಿಸುವ ಕೊಂಡಿ), ಮಲ್ಟಿಟೂಲು. ಜೊತೆಗೆ ಡಿರೇಲರನ್ನು ಫ್ರೇಮಿಗೆ ಹಿಡಿಸುವ ತುಂಡು, ಅಂದರೆ ಡಿರೇಲರ್ ಹ್ಯಾಂಗರ್ ಒಂದು. ಅದು ಸಾಮಾನ್ಯವಾಗಿ ಫ್ರೇಮಿನಿಂದ ಫ್ರೇಮಿಗೆ ಬೇರೆ, ಮೂಡಿಗೆರೆಯ ಅಂಗಡಿಯಲ್ಲಿ ಸಿಗುವುದು ಕಷ್ಟ.

ತರಬೇತಿಗೆ ಹತ್ತು ಹನ್ನೆರಡು ವಾರ ಇಟ್ಟುಕೊಳ್ಳಿ. ವಾರಕ್ಕೊಂದು ಉದ್ದ ಸವಾರಿ, ಒಂದು ಏರಿನ ಸವಾರಿ, ನಡುವೆ ಹಗುರವಾದದ್ದು. ಕೈಮರದಿಂದ ಮೇಲೆ ಮುಳ್ಳಯ್ಯನಗಿರಿ ಕಡೆಯ ರಸ್ತೆ ಏರಿಗೆ ಒಳ್ಳೆಯದು, ಆದರೆ ಶನಿವಾರ ಭಾನುವಾರ ಪ್ರವಾಸಿ ವಾಹನಗಳ ನಡುವೆ ಬೇಡ. ಹಾಸನದವರು ಉದ್ದ ಏರಿಗೆ ಸಕಲೇಶಪುರದ ಕಡೆ ಬರುವುದೇ ಸರಿ. ಸೈಕಲ್ ಹೊತ್ತು, ತಳ್ಳಿ ನಡೆಯುವುದನ್ನೂ ಅಭ್ಯಾಸ ಮಾಡಿ. ರೋಡ್ ಬೈಕಿನ ನುಣುಪು ಅಡಿಯ ಶೂ ಜಲ್ಲಿಯಲ್ಲಿ ಕೆಲಸಕ್ಕೆ ಬರದು, ಎರಡು ಬೋಲ್ಟಿನ ಎಂಟಿಬಿ (ಮೌಂಟನ್ ಬೈಕ್) ಶೂ ಬೇಕು.

ಊಟ ತಪ್ಪುವುದು ಎರಡನೇ ಗಂಟೆಯಲ್ಲಿ. ಬೆಳಗಿನ ಮಂಜು, ತಂಪು, ಹಸಿವೇ ಇಲ್ಲ ಅನ್ನಿಸುತ್ತದೆ. ಆಗಲೇ ತಿನ್ನಬೇಕು. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಗುರಿ: ಎರಡು ಏಲಕ್ಕಿ ಬಾಳೆ, 20 ಗ್ರಾಂ ಬೆಲ್ಲ, ಬಾಟಲಿಯಲ್ಲಿ ಮೂರು ಚಮಚ ಸಕ್ಕರೆ ಸೇರಿದರೆ ಹತ್ತಿರ ಬರುತ್ತದೆ. ನೀರು ಗಂಟೆಗೆ 500–750 ಮಿ.ಲೀ. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು 750 ಮಿ.ಲೀ. ಬಾಟಲಿಗೆ ಪೂರ್ತಿ ಸುರಿಯಬೇಡಿ. ಗಟ್ಟಿಯಾದರೆ ಹೊಟ್ಟೆ ತೊಳಸುತ್ತದೆ, ದಾಹವೂ ತಣಿಯುವುದಿಲ್ಲ.

ಓಡಿಸುವಾಗ ಮೊದಲ ಏರಿನಲ್ಲಿ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ತುಳಿಯಿರಿ. ಜಲ್ಲಿ ಚಡಾವಿನಲ್ಲಿ ಸೀಟು ಬಿಟ್ಟು ಎದ್ದರೆ ಹಿಂಚಕ್ರ ಜಾರುತ್ತದೆ. ಕೂತೇ ಇರಿ, ಎದೆ ಹ್ಯಾಂಡಲ್ ಕಡೆ ಬಗ್ಗಲಿ. ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಇರಬೇಡಿ, ರೋಟರ್ ಕಾದು ಹಿಡಿತ ಸಡಿಲವಾಗುತ್ತದೆ. ತಿರುವಿಗೆ ಮುಂಚೆ ಬಲವಾಗಿ ಹಿಡಿದು, ತಿರುವಿನಲ್ಲಿ ಬಿಡಿ. ಸಿಲ್ವರ್ ಓಕ್ ಎಲೆ ಹಾಸಿದ ತಿರುವನ್ನು ಒದ್ದೆ ಎಂದೇ ತಿಳಿಯಿರಿ. ಗೇಟಿನ ಬಳಿ ದನ ತಡೆಯುವ ಕಬ್ಬಿಣದ ಸಲಾಕೆಗಳನ್ನು ನೇರವಾಗಿ, ಬ್ರೇಕ್ ಮುಟ್ಟದೆ ದಾಟಿ.

ನವೆಂಬರಿನಿಂದ ಫೆಬ್ರವರಿವರೆಗೆ ಕೊಯ್ಲು. ದಾರಿಯಲ್ಲಿ ಟ್ರ್ಯಾಕ್ಟರು, ಚೀಲ ಹೊತ್ತ ಆಳುಗಳು ಇರುತ್ತಾರೆ, ಅವರಿಗೆ ದಾರಿ ಬಿಡುವುದು ಸವಾರರ ಕೆಲಸ. ಕಾಫಿ ಹರವಿದ ಕಣದ ಮೇಲೆ ಚಕ್ರ ಹತ್ತಿಸಬಾರದು. ಮುಚ್ಚಿದ್ದ ಗೇಟನ್ನು ಮತ್ತೆ ಮುಚ್ಚಿಯೇ ಹೋಗಿ. ತೋಟದವರು ಮುಂದಿನ ವರ್ಷ ದಾರಿ ಕೊಡಬೇಕಾದರೆ ಇಷ್ಟಾದರೂ ಬೇಕು.

ಆಲೂರು, ಬೇಲೂರು, ಸಕಲೇಶಪುರ, ಮೂಡಿಗೆರೆ ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆ ಓಡಾಟವಿದೆ. ಅಭ್ಯಾಸಕ್ಕೆ ಹೋದಾಗ ಬೆಳಕು ಹರಿಯುವ ಮುಂಚೆ, ಸಂಜೆ ಕತ್ತಲಾದ ಮೇಲೆ ತೋಟದ ದಾರಿ ಹಿಡಿಯಬೇಡಿ. ಆನೆ ಎಲ್ಲಿದೆ ಎಂದು ತೋಟದ ಗುಮಾಸ್ತ ರೈಟರನ್ನೋ ಕಾರ್ಮಿಕರ ಲೈನ್ ಮನೆಯವರನ್ನೋ ಕೇಳಿ. ಬೇಡ ಅಂದರೆ ಹಿಂತಿರುಗಿ. ಸ್ಪರ್ಧೆಯಲ್ಲಿ ಕಟ್‌ಆಫ್ ಸಮಯ (ಇಷ್ಟರೊಳಗೆ ತಲುಪದಿದ್ದರೆ ಹೊರಗೆ ಎಂಬ ಗಡುವು) ಬಿಗಿಯಾಗಿ ಇಡುವುದಕ್ಕೂ ಇದೊಂದು ಕಾರಣ, ಅದಕ್ಕಾಗಿ ಸ್ವಯಂಸೇವಕರೊಡನೆ ವಾದ ಬೇಡ.

ನಡುವೆ ನಿಲ್ಲಿಸಿದರೆ ಬಿಬ್ ನಂಬರ್ (ಸ್ಪರ್ಧಿಗೆ ಕೊಟ್ಟ ಸಂಖ್ಯೆ) ಹೇಳಿ, ಹೊರಬಿದ್ದೆ ಎಂದು ಹತ್ತಿರದ ಚೆಕ್‌ಪಾಯಿಂಟಿಗೆ ತಿಳಿಸಿಯೇ ಹೊರಡಿ. ಹೇಳದೆ ಯಾರದೋ ಜೀಪಿನಲ್ಲಿ ಊರು ಸೇರಿದವರನ್ನು ಹುಡುಕಲು ಬೇರೆಯವರು ಕತ್ತಲಲ್ಲಿ ಅದೇ ತೋಟದೊಳಗೆ ಇಳಿಯಬೇಕಾಗುತ್ತದೆ.